ಒಮ್ಮೆ ಹೂ ಬಿಟ್ಟು ಸುಮ್ಮನಾದ ಗಿಡ ಮತ್ತೆ ಬಿಡುತ್ತಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೋದ ವಾರ ಒಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಹೆಸರು ಹೇಳಲ್ಲ, ಆದ್ರೆ ಪ್ರಶ್ನೆ ಹೇಳ್ತೀನಿ. "ಅಕ್ಕಾ, ನರ್ಸರಿಯಿಂದ ಗುಲಾಬಿ ಗಿಡ ತಂದೆ. ತರುವಾಗ ಐದು ಹೂ ಇತ್ತು. ಈಗ ಮೂರು ತಿಂಗಳಾಯ್ತು, ಬರೀ ಎಲೆ. ಗಿಡ ಒಂದು ಸೀಸನ್‌ಗೆ ಒಂದೇ ಸಲ ಹೂ ಬಿಡೋದಾ? ಇಲ್ಲಾ ನಾನೇ ಏನಾದ್ರೂ ತಪ್ಪು ಮಾಡಿದ್ನಾ? ಮನೇಲಿ ಎಲ್ರೂ ಅದನ್ನ ಕಿತ್ತು ಬಿಸಾಕು ಅಂತಿದಾರೆ."

ಮೊದಲು ಒಂದು ಮಾತು. ಬಿಸಾಕ್ಬೇಡಿ. ಈ ಸಂಚಿಕೆ ಪೂರ್ತಿ ಕೇಳಿ, ಆಮೇಲೆ ನಿರ್ಧಾರ ಮಾಡಿ.

ಈ ಪ್ರಶ್ನೆ ಕೇಳಿದಾಗ ನನಗೆ ನಗು ಬರಲಿಲ್ಲ. ಯಾಕಂದ್ರೆ ನಾನು ಬೆಳೆದ ಮನೆಯಲ್ಲಿ 'ಗಿಡ ಮತ್ತೆ ಹೂ ಬಿಡುತ್ತಾ' ಅನ್ನೋದು ಹವ್ಯಾಸದ ಪ್ರಶ್ನೆ ಆಗಿರಲಿಲ್ಲ. ಸ್ಕೂಲ್ ಫೀಸಿನ ಪ್ರಶ್ನೆ ಆಗಿತ್ತು.

ನಲವತ್ತು ಗಿಡ, ಒಂದು ನೋಟ್ ಪುಸ್ತಕ

ಉಡುಪಿ ಜಿಲ್ಲೆಯ ಶಂಕರಪುರದ ಹತ್ತಿರದ ಊರು ನಮ್ಮದು. ಶಂಕರಪುರ ಅಂದ್ರೆ ಮಲ್ಲಿಗೆ. ಉಡುಪಿ ಮಲ್ಲಿಗೆ, ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಈ ಮೂರಕ್ಕೂ ಭೌಗೋಳಿಕ ಸೂಚಕ ಅಂದ್ರೆ ಜಿಐ ಟ್ಯಾಗ್ ಇದೆ. ನಮ್ಮ ಮನೆ ಹಿತ್ತಿಲಲ್ಲಿ ಇದ್ದದ್ದು ನಲವತ್ತು ಗಿಡ. ಬೆಳಕು ಹರಿಯೋ ಮುಂಚೆ ಮೊಗ್ಗು ಕೊಯ್ಯೋದು, ಬಾಳೆ ನಾರಲ್ಲಿ ಕಟ್ಟೋದು, ಆಮೇಲೆ ಶಾಲೆಗೆ ಓಡೋದು. ಎಂಟುನೂರು ಮೊಗ್ಗು ಕಟ್ಟಿದ್ರೆ ಒಂದು ಚೆಂಡು. ನಾಲ್ಕು ಚೆಂಡು ಸೇರಿದ್ರೆ ಒಂದು ಅಟ್ಟೆ. ಅಟ್ಟೆಗೆ ಇವತ್ತು ಎಷ್ಟು ರೇಟು ಅನ್ನೋದು ದಿನಾ ಬದಲಾಗ್ತಿತ್ತು. ಅಮ್ಮ ಅದನ್ನ ಒಂದು ನೋಟ್ ಪುಸ್ತಕದಲ್ಲಿ ಬರೆದಿಡ್ತಿದ್ರು.

ಆ ಪುಸ್ತಕ ನೋಡಿದ್ರೆ ಒಂದು ವಿಚಿತ್ರ ಕಾಣೋದು. ಬೇಸಿಗೆಯಲ್ಲಿ ಹೂ ರಾಶಿ ರಾಶಿ, ಆಗ ರೇಟು ಕೆಳಗೆ. ಮಳೆಗಾಲ ಹಿಡಿದ ಮೇಲೆ ಹೂ ಕಮ್ಮಿ, ಚಳಿಯಲ್ಲಿ ಇನ್ನೂ ಕಮ್ಮಿ, ಆಗ ಮದುವೆ, ಹಬ್ಬ ಬಂದ್ರೆ ರೇಟು ಆಕಾಶಕ್ಕೆ. ಅಂದ್ರೆ ಗಿಡದಲ್ಲಿ ಹೂ ಇಲ್ಲದ ಹೊತ್ತಲ್ಲೇ ಹೂವಿಗೆ ಬೆಲೆ. ಆ ಸಮಯದಲ್ಲಿ ನಾಲ್ಕು ಚೆಂಡು ಜಾಸ್ತಿ ಸಿಕ್ಕಿದ್ರೂ ಮನೆಗೆ ದೊಡ್ಡ ವಿಷಯ.

ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ ಅಮ್ಮ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮುರ್ಕೊಂಡ್ರು. ಮಳೆ ಮುಗಿದು ಚಳಿ ಶುರು ಆಗೋ ಹೊತ್ತಿಗೆ ಮಲ್ಲಿಗೆ ಗಿಡದ ಗೆಲ್ಲು ಸವರಬೇಕು. ಪ್ರತಿ ವರ್ಷ ಅಮ್ಮನೇ ಮಾಡ್ತಿದ್ದ ಕೆಲಸ. ಆ ವರ್ಷ ನನ್ನ ಕೈಗೆ ಕತ್ತರಿ ಬಂತು.

ನಾನು ಗಿಡದ ಮುಂದೆ ನಿಂತೆ. ಅಲ್ಲೊಂದು ಇಲ್ಲೊಂದು ಮೊಗ್ಗು ಇತ್ತು. ಎಲೆ ಹಸಿರಾಗಿತ್ತು. ಇಷ್ಟು ಚೆನ್ನಾಗಿರೋ ಗಿಡವನ್ನ ಮೊಣಕಾಲೆತ್ತರಕ್ಕೆ ಕತ್ತರಿಸೋದು ಹೇಗೆ? ಮನಸ್ಸು ಬರಲಿಲ್ಲ. ತುದಿ ತುದಿ ಮಾತ್ರ ಚೂರು ಚೂರು ಕತ್ತರಿಸಿ, ಒಳಗೆ ಬಂದು, "ಎಲ್ಲಾ ಆಯ್ತು ಅಮ್ಮಾ" ಅಂದೆ.

ಮಾರ್ಚ್ ಬಂತು. ಅಕ್ಕಪಕ್ಕದ ಮನೆಯವರ ಗಿಡ ಮೊಗ್ಗು ತುಂಬಿ ನಿಂತಿತ್ತು. ನಮ್ಮ ಗಿಡ ಉದ್ದಕ್ಕೆ, ಸಣಕಲಾಗಿ, ಎಲೆ ತುಂಬ್ಕೊಂಡು ನಿಂತಿತ್ತು. ಆ ಬೇಸಿಗೆಯ ಲೆಕ್ಕ ನೋಟ್ ಪುಸ್ತಕದಲ್ಲಿ ಹಿಂದಿನ ವರ್ಷದ ಅರ್ಧಕ್ಕೂ ಬರಲಿಲ್ಲ. ನನ್ನ ಅಕ್ಕನ ಪಿಯುಸಿ ಫೀಸನ್ನ ಆ ಸಲ ಸಾಲ ಮಾಡಿ ಕಟ್ಟಿದ್ದು. ಅಮ್ಮ ಬೈಯಲಿಲ್ಲ. ಗಿಡದ ಬುಡ ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು. "ಬರುವ ವರ್ಷ ನಾನೇ ಸವರ್ತೇನೆ, ನೀನು ಬುಟ್ಟಿ ಹಿಡಿ ಮಾರಾಯ್ತಿ" ಅಂದ್ರು, ಅಷ್ಟೇ.

ನಾನು ಮಾಡಿದ ತಪ್ಪೇನು ಅಂತ ನನಗೆ ಅರ್ಥ ಆಗಿದ್ದು ಎಷ್ಟೋ ವರ್ಷ ಆದ್ಮೇಲೆ.

ಹಳೇ ಗೆಲ್ಲಿನ ಕೆಲಸ ಮುಗಿದಿರುತ್ತೆ

ಮಲ್ಲಿಗೆ ಹೂ ಬಿಡೋದು ಹೊಸ ಚಿಗುರಲ್ಲಿ. ಒಂದು ಚಿಗುರು ಬೆಳೆಯುತ್ತೆ, ಅದರ ತುದಿಯಲ್ಲಿ ಮೊಗ್ಗಿನ ಗೊಂಚಲು ಬರುತ್ತೆ, ಅರಳುತ್ತೆ. ಅಲ್ಲಿಗೆ ಆ ತುದಿಯ ಕೆಲಸ ಮುಗೀತು. ಅದೇ ತುದಿಯಲ್ಲಿ ಮತ್ತೆ ಮೊಗ್ಗು ಬರಲ್ಲ. ಮತ್ತೆ ಹೂ ಬೇಕು ಅಂದ್ರೆ ಮತ್ತೆ ಚಿಗುರು ಬೇಕು.

ಚಿಗುರು ಯಾಕೆ ತಾನಾಗೇ ಬೇಕಾದಷ್ಟು ಬರಲ್ಲ? ಬೆಳೀತಿರೋ ಗೆಲ್ಲಿನ ತುದಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗುತ್ತೆ. ಅದು ಕೆಳಗೆ ಇಳಿದು ಬಂದು, ಕೆಳಗಿರೋ ಪಕ್ಕದ ಕಣ್ಣುಗಳನ್ನ, ಅಂದ್ರೆ ಎಲೆ ಮತ್ತು ಕಾಂಡ ಸೇರೋ ಜಾಗದಲ್ಲಿರೋ ಸಣ್ಣ ಮೊಳಕೆಗಳನ್ನ, ಸುಮ್ಮನೆ ಕೂರಿಸುತ್ತೆ. ಮನೇಲಿ ದೊಡ್ಡಣ್ಣ ಇರೋವರೆಗೂ ತಮ್ಮಂದಿರು ಬಾಯಿ ಬಿಡದೆ ಕೂತಂತೆ. ತುದಿ ಕತ್ತರಿಸಿದ್ರೆ ಆ ಸಂದೇಶ ನಿಲ್ಲುತ್ತೆ. ಒಂದು ತುದಿ ಇದ್ದ ಕಡೆ ಎರಡು, ಮೂರು ಚಿಗುರು ಹೊರಡುತ್ತೆ. ಪ್ರತಿ ಚಿಗುರಿನ ತುದಿಯಲ್ಲೂ ಮೊಗ್ಗು.

ನಾನು ತುದಿ ಮಾತ್ರ ಕತ್ತರಿಸಿದ್ನಲ್ಲ, ಅದರಿಂದ ಚಿಗುರು ಬಂದಿದ್ದು ಹಳೇ ಸಣಕಲು ಗೆಲ್ಲಿನ ಮೇಲೆ. ತೆಳ್ಳಗಿನ ಗೆಲ್ಲು, ತೆಳ್ಳಗಿನ ಚಿಗುರು, ನಾಲ್ಕೇ ನಾಲ್ಕು ಮೊಗ್ಗು. ಕೆಳಗಿಂದ ಕತ್ತರಿಸಿದ್ರೆ ದಪ್ಪ ಕಾಂಡದಿಂದ ಗಟ್ಟಿ ಚಿಗುರು ಬರ್ತಿತ್ತು. ತಮಿಳುನಾಡಿನ ತೋಟಗಾರಿಕೆಯವರೂ ಈ ಜಾತಿಯ ಮಲ್ಲಿಗೆಯನ್ನ ನವೆಂಬರ್ ಕೊನೆಗೆ ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಸವರೋಕೆ ಹೇಳ್ತಾರೆ. ಅಮ್ಮ ಟೇಪ್ ಹಿಡಿದವರಲ್ಲ, ಆದ್ರೆ ಅವರ ಮೊಣಕಾಲಿನ ಲೆಕ್ಕ ಹೆಚ್ಚುಕಮ್ಮಿ ಅಲ್ಲಿಗೇ ಬರ್ತಿತ್ತು.

ಹಾಗಾಗಿ ಕುಂಡದಲ್ಲಿ ಮಲ್ಲಿಗೆ ಇಟ್ಟುಕೊಂಡಿರೋರು ಇಷ್ಟು ನೆನಪಿಟ್ಕೊಳ್ಳಿ. ವರ್ಷಕ್ಕೊಮ್ಮೆ ಚಳಿಗಾಲದ ಶುರುವಲ್ಲಿ ಧೈರ್ಯವಾಗಿ ಸವರಿ. ಬೇಸಿಗೆಯಲ್ಲಿ ಒಂದು ಸುತ್ತು ಹೂ ಮುಗಿದ ತಕ್ಷಣ, ಹೂ ಬಿಟ್ಟ ತುದಿಗಳನ್ನ ಎರಡು ಜೊತೆ ಎಲೆ ಸೇರಿಸಿ ಚಿವುಟಿ. ಅದೇ ಸೀಸನ್‌ನಲ್ಲಿ ಇನ್ನೊಂದು ಸುತ್ತು ಬರುತ್ತೆ.

ಬೀಜ ಕಟ್ಟಿದ್ರೆ ಆಟ ಮುಗೀತು

ಚೆಂಡು ಹೂವಿನ ಕಥೆ ಬೇರೆ. ಜೀನಿಯಾ, ಕಾಸ್ಮಾಸ್, ಪೆಟೂನಿಯಾ ಕೂಡ ಇದೇ ಗುಂಪು. ಇವು ಕೆಲವೇ ತಿಂಗಳ ಗಿಡಗಳು. ಹುಟ್ಟು, ಹೂ, ಬೀಜ, ಸಾವು, ಎಲ್ಲಾ ಒಂದೇ ಸೀಸನ್ನಲ್ಲಿ. ಗಿಡದ ದೃಷ್ಟಿಯಿಂದ ನೋಡಿ. ಅದು ಹೂ ಬಿಡೋದು ನಮ್ಮ ಬಾಲ್ಕನಿ ಚಂದ ಕಾಣಲಿ ಅಂತಲ್ಲ, ಬೀಜಕ್ಕೋಸ್ಕರ. ಬೀಜ ಬಲಿಯೋಕೆ ಶುರುವಾದ್ರೆ ಗಿಡ ತನ್ನ ಸಕ್ಕರೆ, ಸಾರ ಎಲ್ಲಾ ಅಲ್ಲಿಗೆ ಕಳಿಸುತ್ತೆ. ಬಲಿಯುತ್ತಿರೋ ಬೀಜದಿಂದ ಹೊರಡೋ ಸಂದೇಶಗಳೂ ಹೊಸ ಮೊಗ್ಗನ್ನ ತಡೀತವೆ.

ಬಾಡಿದ ಹೂವನ್ನ ಬೀಜ ಕಟ್ಟೋ ಮೊದಲೇ ತೆಗೆದ್ರೆ ಗಿಡಕ್ಕೆ ಕೆಲಸ ಮುಗಿಯಲ್ಲ. ಮತ್ತೆ ಮೊಗ್ಗು ಹಾಕುತ್ತೆ. ಮತ್ತೆ ತೆಗೆದ್ರೆ ಮತ್ತೆ ಹಾಕುತ್ತೆ. ಹೂವಿನ ಎಸಳು ಮಾತ್ರ ಕಿತ್ತರೆ ಸಾಲದು. ಎಸಳಿನ ಕೆಳಗಿರೋ ಹಸಿರು ಬಟ್ಟಲು ಇರುತ್ತಲ್ಲ, ಬೀಜ ಇರೋದು ಅಲ್ಲೇ. ಅದರ ಸಮೇತ, ಕೆಳಗಿನ ಎಲೆಯವರೆಗೆ ಕತ್ತರಿಸಬೇಕು.

ನಮ್ಮೂರ ಮಲ್ಲಿಗೆಗೆ ಈ ತೊಂದರೆ ಇಲ್ಲ, ಅದು ಬೀಜ ಕಟ್ಟೋದೇ ಅಪರೂಪ. ಗೆಲ್ಲು ನೆಟ್ಟೇ ಹೊಸ ಗಿಡ ಮಾಡೋದು. ಕನಕಾಂಬರಕ್ಕೆ ಮಾತ್ರ ಖಂಡಿತ ಬೇಕು. ಕನಕಾಂಬರದ ಒಣಗಿದ ತೆನೆಗೆ ನೀರು ಹಾಕಿದ್ರೆ ಬೀಜದ ಕಾಯಿ 'ಪಟ್' ಅಂತ ಸಿಡಿಯುತ್ತೆ, ಚಿಕ್ಕವರಿದ್ದಾಗ ಆಡಿರ್ತೀರಿ. ಆ ಆಟ ಆಡೋ ಹಂತಕ್ಕೆ ತೆನೆಯನ್ನ ಬಿಡದೆ ಮೊದಲೇ ಕತ್ತರಿಸಿದ್ರೆ, ಅದು ಹೆಚ್ಚುಕಮ್ಮಿ ವರ್ಷವಿಡೀ ತೆನೆ ಹಾಕ್ತಾನೇ ಇರುತ್ತೆ.

ಗುಲಾಬಿ, ಕೊನೆಗೂ

ಈಗ ವಾಯ್ಸ್ ನೋಟ್ ಕಳಿಸಿದವರ ಗುಲಾಬಿಗೆ ಬರ್ತೀನಿ.

ಒಂದು ಕಾಲದಲ್ಲಿ ಯುರೋಪಿನ ಗುಲಾಬಿಗಳು ನಿಜವಾಗಿಯೂ ವರ್ಷಕ್ಕೆ ಒಂದೇ ಸಲ ಬಿಡ್ತಿದ್ವು. ಬೇಸಿಗೆಯ ಕೆಲವು ವಾರ ಹೂ, ಉಳಿದಂತೆ ಬರೀ ಮುಳ್ಳು. ಶರತ್ಕಾಲದಲ್ಲಿ ಇನ್ನೊಂದು ಸಣ್ಣ ಸುತ್ತು ಬಿಡೋ ಒಂದು ಡಮಾಸ್ಕ್ ತಳಿ ಮಾತ್ರ ಅಪವಾದ. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಚೀನಾದ ಗುಲಾಬಿಗಳು ಯುರೋಪ್ ತಲುಪಿದ್ವು. ಅವು ಮತ್ತೆ ಮತ್ತೆ ಹೂ ಬಿಡೋ ಜಾತಿ. ಎರಡನ್ನೂ ಬೆರೆಸಿ ಬೆರೆಸಿ, 1867ರಲ್ಲಿ ಫ್ರಾನ್ಸಿನಲ್ಲಿ 'ಲಾ ಫ್ರಾನ್ಸ್' ಅನ್ನೋ ತಳಿ ಬಂತು. ಹೈಬ್ರಿಡ್ ಟೀ ಗುಲಾಬಿಗಳಲ್ಲಿ ಮೊದಲನೆಯದು ಅಂತ ಅದನ್ನ ಕರೀತಾರೆ. ಇವತ್ತು ನರ್ಸರಿಯಲ್ಲಿ ಸಿಗೋ ಗುಲಾಬಿಗಳಲ್ಲಿ ಬಹುಪಾಲು ಆ ಮನೆತನದ್ದೇ.

ಚೀನಾ ಗುಲಾಬಿಯಲ್ಲಿ ಏನು ವಿಶೇಷ? ಗುಲಾಬಿಯಲ್ಲಿ 'ಈಗ ಹೂ ಸಾಕು, ಎಲೆ ಬೆಳೆಸು' ಅಂತ ಬ್ರೇಕ್ ಹಾಕೋ ಒಂದು ಜೀನ್ ಇದೆ. ಚೀನಾ ಗುಲಾಬಿಗಳಲ್ಲಿ ಆ ಜೀನ್ ಒಳಗೆ ಬೇರೆ ಡಿಎನ್ಎ ತುಂಡೊಂದು ಬಂದು ಸೇರಿಕೊಂಡು ಬ್ರೇಕ್ ಕೆಟ್ಟುಹೋಗಿದೆ. 2012ರಲ್ಲಿ ವಿಜ್ಞಾನಿಗಳು ಇದನ್ನ ಗುರುತಿಸಿ ಪ್ರಕಟಿಸಿದ್ರು. ನಾವು ಪ್ರೇಮಿಗಳ ದಿನ ಕೊಡೋ ಗುಲಾಬಿಗಳ ಹಿಂದೆ ಒಂದು ಕೆಟ್ಟ ಬ್ರೇಕ್ ಇದೆ ನೋಡಿ.

ಅಂದ್ಮೇಲೆ ನಿಮ್ಮ ಗಿಡಕ್ಕೆ ಮತ್ತೆ ಬಿಡೋ ಶಕ್ತಿ ಇದೆ. ಹಾಗಾದ್ರೆ ಯಾಕೆ ನಿಂತಿದೆ? ನಾಲ್ಕು ವಿಷಯ ಪರೀಕ್ಷೆ ಮಾಡಿ.

ಒಂದು, ಬಿಸಿಲು. ನರ್ಸರಿಯಲ್ಲಿ ಅದು ಚೆನ್ನಾಗಿ ಬಿಸಿಲು, ಗೊಬ್ಬರ ತಿಂದು ಬೆಳೆದಿರುತ್ತೆ. ಹೂ ಇದ್ದಾಗಲೇ ಮಾರಾಟ ಆಗೋದ್ರಿಂದ, ನಿಮ್ಮ ಮನೆಗೆ ಬಂದಿದ್ದು ಅದರ ಒಂದು ಸುತ್ತು ಮುಗಿಯೋ ಹೊತ್ತಿಗೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಬಾಲ್ಕನಿಯಲ್ಲಿ ಅದು ಎಲೆ ಬಿಟ್ಕೊಂಡು ಬದುಕುತ್ತೆ, ಹೂವಿಗೆ ಕೈ ಹಾಕಲ್ಲ.

ಎರಡು, ನೀವು ಆ ಐದು ಹೂವನ್ನ ಏನು ಮಾಡಿದ್ರಿ? ಗಿಡದಲ್ಲೇ ಉದುರೋಕೆ ಬಿಟ್ರಾ? ಹೂ ಬಾಡಿದ ಕೂಡಲೇ ಕೆಳಗೆ ಬನ್ನಿ. ಐದು ಎಲೆ ಸೇರಿರೋ ಗರಿ ಸಿಗುತ್ತಲ್ಲ, ಅದರ ಬುಡದಲ್ಲಿ ಹೊರಗಡೆ ಮುಖ ಮಾಡಿರೋ ಕಣ್ಣು ಇರುತ್ತೆ. ಅದರ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸಿ. ಅಲ್ಲಿಂದ ಕೆಂಪು ಚಿಗುರು ಹೊರಟು, ನಮ್ಮ ಹವೆಯಲ್ಲಿ ಹೆಚ್ಚುಕಮ್ಮಿ ಒಂದೂವರೆ ಎರಡು ತಿಂಗಳಲ್ಲಿ ಹೂ ಬರುತ್ತೆ.

ಮೂರು, ಗಿಡದ ಬುಡ ನೋಡಿ. ನರ್ಸರಿ ಗುಲಾಬಿ ಸಾಮಾನ್ಯವಾಗಿ ಕಸಿ ಗಿಡ. ಬೇರು ಒಂದು ಕಾಡು ಗುಲಾಬಿಯದ್ದು, ಮೇಲಿನದ್ದು ನಿಮ್ಮ ತಳಿ. ಕಸಿ ಮಾಡಿದ ಗಂಟಿನ ಕೆಳಗಿಂದ ಜೋರಾಗಿ ಬೆಳೀತಿರೋ ಚಿಗುರು ಇದ್ರೆ, ಅದು ಬೇರಿನ ಗಿಡದ್ದು. ಅದನ್ನ ಬುಡದಲ್ಲೇ ತೆಗೀರಿ. ಬಿಟ್ರೆ ಮೇಲಿನ ಗುಲಾಬಿಯ ಊಟ ಎಲ್ಲಾ ಅದೇ ತಿಂದು, ಒಂದಿನ ನಿಮ್ಮ ಕುಂಡದಲ್ಲಿ ನೀವು ತಂದ ಗಿಡವೇ ಇರಲ್ಲ.

ನಾಲ್ಕು, ಗೊಬ್ಬರ. ಯೂರಿಯಾ ಥರ ಬರೀ ಸಾರಜನಕ ಹಾಕಿದ್ರೆ ಎಲೆ ದಟ್ಟ ಹಸಿರು, ಹೂ ಸೊನ್ನೆ. ಕೊಟ್ಟಿಗೆ ಗೊಬ್ಬರ, ಜೊತೆಗೆ ಹೂವಿಗೆ ಬೇಕಾದ ಪೊಟ್ಯಾಷ್. ನಮ್ಮನೇಲಿ ಕಡಲೆ ಹಿಂಡಿ ನೆನೆಸಿದ ನೀರು. ವಾಸನೆ ಇರುತ್ತೆ, ಅಪಾರ್ಟ್‌ಮೆಂಟಲ್ಲಿ ಪಕ್ಕದವರಿಗೆ ಹೇಳಿ ಹಾಕಿ.

ಟ್ಯೂಬ್‌ಲೈಟು ಮತ್ತು ಸೇವಂತಿಗೆ

ಕೆಲವು ಗಿಡಕ್ಕೆ ಕತ್ತರಿ, ಗೊಬ್ಬರ ಏನೂ ಕೆಲಸ ಮಾಡಲ್ಲ. ಇದನ್ನ ನಾನು ಕಲಿತಿದ್ದು ಬೆಂಗಳೂರಿಗೆ ಬಂದ್ಮೇಲೆ.

ಊರಿಂದ ಒಂದು ಹಳದಿ ಸೇವಂತಿಗೆ ಗಿಡ ತಂದಿದ್ದೆ. ಊರಲ್ಲಿ ಚಳಿಗಾಲ ಬಂದ್ರೆ ಎಲೆ ಕಾಣದಷ್ಟು ಹೂ. ಇಲ್ಲಿ ಎರಡು ವರ್ಷ ಒಂದು ಮೊಗ್ಗೂ ಬರಲಿಲ್ಲ. ಮಣ್ಣು ಬದಲಾಯಿಸಿದೆ, ಕುಂಡ ಬದಲಾಯಿಸಿದೆ. ಆಗ ನನಗೆ ರಾತ್ರಿ ಶಿಫ್ಟ್. ಬಾಲ್ಕನಿಯಲ್ಲಿ ಟ್ಯೂಬ್‌ಲೈಟ್ ಹಾಕ್ಕೊಂಡು, ಲ್ಯಾಪ್‌ಟಾಪ್ ಇಟ್ಕೊಂಡು ಎರಡು ಗಂಟೆವರೆಗೆ ಕೆಲಸ. ಸೇವಂತಿಗೆ ಕುಂಡ ಅದೇ ಟ್ಯೂಬ್‌ಲೈಟ್ ಕೆಳಗೆ.

ಸೇವಂತಿಗೆಯ ಬಹಳಷ್ಟು ತಳಿಗಳು ಹೂ ಬಿಡೋದು ರಾತ್ರಿ ಉದ್ದ ಆದಾಗ. ಬೆಂಗಳೂರಲ್ಲಿ ಜೂನ್‌ನಲ್ಲಿ ಹಗಲು 13 ಗಂಟೆಗೆ ಸ್ವಲ್ಪ ಕಮ್ಮಿ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು, ಹನ್ನೊಂದೂವರೆ ಗಂಟೆ. ನಮಗೆ ಗೊತ್ತೇ ಆಗದ ಈ ವ್ಯತ್ಯಾಸವನ್ನ ಅದರ ಎಲೆ ಅಳೆಯುತ್ತೆ. ಎಲೆಯಲ್ಲಿ ಬೆಳಕು ಗುರುತಿಸೋ ಫೈಟೋಕ್ರೋಮ್ ಅನ್ನೋ ವರ್ಣದ್ರವ್ಯ ಇದೆ. ನಡುವೆ ಕಡಿಯದ, ಉದ್ದನೆಯ ಕತ್ತಲೆ ಸಿಕ್ಕರೆ ಮಾತ್ರ ಮೊಗ್ಗಿನ ಆದೇಶ ಹೊರಡುತ್ತೆ. ಮಧ್ಯರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ರೂ, ಅದು 'ಇನ್ನೂ ಬೇಸಿಗೆ' ಅಂದ್ಕೊಂಡು ಎಲೆ ಬೆಳೆಸ್ತಾ ಹೋಗುತ್ತೆ.

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋಗೋವಾಗ ಹೊಲದ ತುಂಬಾ ಸಾಲು ಸಾಲು ಬಲ್ಬ್ ಉರೀತಿರೋದನ್ನ ನೋಡಿರ್ತೀರಿ. ರೀಲ್ಸ್ ಕೂಡ ಬಂದಿವೆ. ಅದು ಅಲಂಕಾರ ಅಂದ್ಕೊಂಡವರೂ ಇದಾರೆ. ಸೇವಂತಿಗೆ ಬೇಗ ಮೊಗ್ಗು ಹಾಕದೆ ಮೊದಲು ಎತ್ತರಕ್ಕೆ ಬೆಳೀಲಿ ಅಂತ ರೈತರು ಬೆಳಕು ಕೊಡ್ತಾರೆ. ಬೇಕಾದಷ್ಟು ಬೆಳೆದ ಮೇಲೆ ಬಲ್ಬ್ ಆರಿಸ್ತಾರೆ, ಗಿಡ ಮೊಗ್ಗು ಹಾಕುತ್ತೆ. ರೈತರು ಬೇಕಂತಲೇ ಮಾಡೋದನ್ನ ನಾನು ಗೊತ್ತಿಲ್ಲದೆ ಎರಡು ವರ್ಷ ಮಾಡಿದ್ದೆ. ಬಲ್ಬ್ ಆರಿಸೋದೊಂದು ಬಿಟ್ಟು. ಕುಂಡವನ್ನ ಬೆಳಕು ಬೀಳದ ಮೂಲೆಗೆ ಇಟ್ಟೆ, ಆ ಚಳಿಗಾಲದಲ್ಲೇ ಹೂ ಬಂತು.

ಹೂ ಮುಗಿದ ಮೇಲೆ ಸೇವಂತಿಗೆಯನ್ನ ಬುಡಕ್ಕೆ ಕತ್ತರಿಸಿ. ಬುಡದಿಂದ ಮರಿ ಬರುತ್ತೆ. ಆದ್ರೆ ಅದರ ಹೂವಿಗೆ ಮುಂದಿನ ಉದ್ದ ರಾತ್ರಿಗಳವರೆಗೆ ಕಾಯಬೇಕು.

ಕಾಯಲೇಬೇಕಾದವು

ಬ್ರಹ್ಮಕಮಲ ಅಂತ ನಾವು ಕರೆಯೋ ಗಿಡ ಇದೆಯಲ್ಲ, ರಾತ್ರಿ ಅರಳಿ ಬೆಳಗ್ಗೆ ಬಾಡೋದು. ವರ್ಷಕ್ಕೆ ಒಂದೇ ರಾತ್ರಿ ಅಂತ ಸ್ಟೇಟಸ್ ಹಾಕ್ತೀವಿ. ಒಂದು ಹೂವಿಗೆ ಒಂದೇ ರಾತ್ರಿ ಅನ್ನೋದು ಸರಿ. ಗಿಡ ಮಾತ್ರ ಚೆನ್ನಾಗಿದ್ರೆ ಮಳೆಗಾಲದ ಆಸುಪಾಸಲ್ಲಿ ಎರಡು ಮೂರು ಸುತ್ತು ಬಿಡುತ್ತೆ. ಅದು ಕಳ್ಳಿ ಜಾತಿಯ ಗಿಡ. ಹಿಮಾಲಯದ ಬ್ರಹ್ಮಕಮಲ ಬೇರೆಯೇ.

ಇನ್ನೊಂದು ತುದಿಯಲ್ಲಿ ನೀಲಕುರಿಂಜಿ. ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ. ಮುನ್ನಾರ್‌ನಲ್ಲಿ 2006ರಲ್ಲಿ ಬಿಡ್ತು, 2018ರಲ್ಲಿ ಬಿಡ್ತು. ಒಮ್ಮೆ ಹೂ ಬಿಟ್ಟು, ಬೀಜ ಉದುರಿಸಿ, ಆ ಗಿಡ ಸಾಯುತ್ತೆ. ಅಲ್ಲಿ ಯಾವ ಕತ್ತರಿಯೂ ನಡೆಯಲ್ಲ.

ಕೊನೆಯ ಮಾತು

ಮತ್ತೆ ಮತ್ತೆ ಹೂ ಬಿಡಿಸೋಕೆ ಆಗುತ್ತೆ ಅಂತ ಗೊತ್ತಾದ್ಮೇಲೆ ಇನ್ನೊಂದು ತಪ್ಪು ಮಾಡ್ತೀವಿ. ಬಿಡಿಸ್ತಾನೇ ಇರ್ತೀವಿ. ಪ್ರತಿ ಸುತ್ತಿಗೂ ಗಿಡ ತನ್ನೊಳಗಿದ್ದನ್ನ ಖರ್ಚು ಮಾಡುತ್ತೆ. ಒಂದು ಸುತ್ತು ಮುಗಿದ ಮೇಲೆ ಊಟ ಕೊಡಿ, ಸ್ವಲ್ಪ ದಿನ ಬಿಡಿ. ಚೆಂಡು ಹೂವಿನಂಥ ಗಿಡದಲ್ಲಿ ಸೀಸನ್ ಕೊನೆಗೆ ಒಳ್ಳೆಯ ನಾಲ್ಕು ಹೂವನ್ನ ಕತ್ತರಿಸದೆ ಬೀಜಕ್ಕೆ ಬಿಡಿ. ಮುಂದಿನ ವರ್ಷದ ಗಿಡ ಅದರಲ್ಲೇ ಇರೋದು.

ಊರಲ್ಲಿ ಈಗ ನಲವತ್ತು ಗಿಡ ಇಲ್ಲ, ಹನ್ನೊಂದು ಇದೆ. ಅಮ್ಮನಿಗೆ ಬಗ್ಗಿ ಕೊಯ್ಯೋಕೆ ಆಗಲ್ಲ. ಅಲ್ಲಿಂದ ತಂದ ಒಂದು ಗೆಲ್ಲು ನನ್ನ ಬಾಲ್ಕನಿಯಲ್ಲಿ ಗಿಡ ಆಗಿದೆ. ಹೋದ ಡಿಸೆಂಬರ್‌ನಲ್ಲಿ ವಿಡಿಯೋ ಕಾಲ್ ಮಾಡಿ, ಫೋನನ್ನ ಕುರ್ಚಿ ಮೇಲೆ ನಿಲ್ಲಿಸಿ, ಕತ್ತರಿ ಹಿಡಿದು ಕೂತೆ. ಒಂದು ಗೆಲ್ಲು ತೋರಿಸಿ, "ಇಲ್ಲಿಗಾ ಅಮ್ಮಾ?" ಅಂದೆ.

"ಇನ್ನೂ ಕೆಳಗೆ."

"ಇಲ್ಲಿ?"

"ಇನ್ನೂ ಕೆಳಗೆ. ಹೆದರ್ಬೇಡ, ಜೀವ ಬುಡದಲ್ಲಿ ಉಂಟು."

ಕತ್ತರಿಸಿದೆ. ಕುಂಡದಲ್ಲಿ ನಾಲ್ಕು ಮೊಂಡು ಕಡ್ಡಿ ಮಾತ್ರ ಉಳೀತು. ಮಾರ್ಚ್ ಎರಡನೇ ವಾರ ಬೆಳಗ್ಗೆ ಎಣಿಸಿದಾಗ ಹದಿನೇಳು ಮೊಗ್ಗು. ಫೋಟೋ ಕಳಿಸಿದೆ. ಅಮ್ಮನ ಉತ್ತರ ಬಂತು: "ಎಂಟುನೂರಕ್ಕೆ ಇನ್ನು ಎಷ್ಟು ಬೇಕು ಲೆಕ್ಕ ಹಾಕು."

ಹಾಗಾಗಿ ವಾಯ್ಸ್ ನೋಟ್ ಕಳಿಸಿದವರೇ, ಗುಲಾಬಿಯನ್ನ ಬಿಸಿಲಿಗೆ ಇಡಿ, ಬುಡ ನೋಡಿ, ಕತ್ತರಿ ಹಾಕಿ, ಎರಡು ತಿಂಗಳು ಕೊಡಿ. ಹೂ ಬಂದ್ರೆ ಮನೆಯವರಿಗೆ ತೋರಿಸಿ, ಆಮೇಲೆ ನಮಗೂ ಒಂದು ಫೋಟೋ. ಬರದಿದ್ರೂ ವಾಯ್ಸ್ ನೋಟ್ ಕಳಿಸಿ, ಎಲ್ಲಿ ತಪ್ಪಿತು ಅಂತ ಸೇರಿ ಹುಡುಕೋಣ.

ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ರಾತ್ರಿ ಮಲಗೋ ಮುಂಚೆ ಬಾಲ್ಕನಿ ಲೈಟ್ ಆರಿಸಿ. ನಮಸ್ಕಾರ.